ರಜೆಯ ಲೆಕ್ಕ: ಛೇದ ನಿರ್ಧರಿಸುವವರು ಯಾರು?

ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಬೋಧನಾ ಸಹಾಯಕಿಯಾಗಿರುವ ಮಹಿಳೆಯೊಬ್ಬರು ಡಿಸೆಂಬರ್ 31ರಂದು ಕೆಲಸ ಬಿಡುತ್ತಾರೆಂದು ಭಾವಿಸೋಣ. ಸೆಪ್ಟೆಂಬರ್ 1ರಂದು ಶಾಲಾ ವರ್ಷ ಆರಂಭವಾದಂದಿನಿಂದ ನಾಲ್ಕು ತಿಂಗಳ ಸಂಬಳ ಅವರಿಗೆ ತಪ್ಪದೆ ಸಂದಿದೆ. ನಾಲ್ಕು ತಿಂಗಳ ಸೇವೆ, ನಾಲ್ಕು ತಿಂಗಳ ಸಂಬಳ. ಲೆಕ್ಕ ಚುಕ್ತಾ ಆಯಿತೆಂದೇ ಯಾರಿಗಾದರೂ ತೋರೀತು. ಆದರೆ ಕಾಗದ ಪೆನ್ಸಿಲು ಹಿಡಿದು ಕೂತರೆ, ಶಾಲೆಯು ಅವರಿಗೆ ಇನ್ನೂ ಎರಡು ವಾರಕ್ಕಿಂತ ಹೆಚ್ಚಿನ ವೇತನವನ್ನು ಕೊಡಬೇಕಾಗಿದೆ ಎಂಬುದು ಗೊತ್ತಾಗುತ್ತದೆ. ಬಹುಪಾಲು ನೌಕರರು ಹಾಗೆ ಕೂರುವುದಿಲ್ಲ. ಶಾಲೆಯ ಕಚೇರಿಯೂ ತಾನಾಗಿ ಹೇಳುತ್ತದೆಂಬ ಭರವಸೆಯಿಲ್ಲ.

ಇಂತಹವರನ್ನು ಅಲ್ಲಿ ‘ಟರ್ಮ್-ಟೈಮ್’ ನೌಕರರೆನ್ನುತ್ತಾರೆ. ಶಾಲೆ ನಡೆಯುವ ವಾರಗಳಲ್ಲಿ ಮಾತ್ರ ಕೆಲಸ. ಬೇಸಿಗೆ, ಕ್ರಿಸ್‌ಮಸ್, ಈಸ್ಟರ್ ರಜೆಗಳಲ್ಲಿ ಕೆಲಸವೂ ಇಲ್ಲ, ಕಟ್ಟುನಿಟ್ಟಾಗಿ ನೋಡಿದರೆ ಸಂಬಳವೂ ಇಲ್ಲ. ಬೋಧನಾ ಸಹಾಯಕರು, ಅಡುಗೆಮನೆಯವರು, ಊಟದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು, ಕಚೇರಿ ಗುಮಾಸ್ತರು ಈ ವರ್ಗಕ್ಕೆ ಸೇರುತ್ತಾರೆ. ಇವರಲ್ಲಿ ಹೆಚ್ಚಿನವರು ಮಹಿಳೆಯರು, ಕಡಿಮೆ ಸಂಬಳದವರು. ಪತಿಯ ಉದ್ಯೋಗದ ನಿಮಿತ್ತ ನಮ್ಮ ನಾಡಿನಿಂದ ಅಲ್ಲಿಗೆ ಹೋಗಿ, ಮಕ್ಕಳ ಶಾಲೆಯ ವೇಳೆಗೆ ಹೊಂದುವ ಕೆಲಸವೆಂದು ಇದನ್ನು ಹಿಡಿದವರೂ ಉಂಟು. ಕೆಲಸ ಬಿಡುವಾಗ ಅವರಿಗೆ ಸಲ್ಲಬೇಕಾದ ರಜಾ ವೇತನದ ಬಗ್ಗೆ ಬ್ರಿಟನ್ನಿನ ನ್ಯಾಯಾಲಯಗಳು, ಸರ್ಕಾರ ಮತ್ತು ಕಾರ್ಮಿಕ ಸಂಘಗಳು ಒಂದು ದಶಕಕ್ಕೂ ಹೆಚ್ಚು ಕಾಲ ತಲೆ ಕೆಡಿಸಿಕೊಂಡವು. ದೂರದ ದೇಶದ ಒಂದು ಸಣ್ಣ ಲೆಕ್ಕದ ಜಗಳವೆಂದು ಇದನ್ನು ತಳ್ಳಿಹಾಕುವಂತಿಲ್ಲ. ಅದರಲ್ಲಿ ನಮ್ಮ ಅತಿಥಿ ಉಪನ್ಯಾಸಕರ ಪ್ರಶ್ನೆಯೂ ಅಡಗಿದೆ.

ಮೊದಲು ಕಾನೂನಿನ ವಿಚಾರ. ಅಲ್ಲಿನ 1998ರ ಕೆಲಸದ ವೇಳೆಯ ನಿಯಮಾವಳಿಯು ಪ್ರತಿ ಕೆಲಸಗಾರನಿಗೂ ವೇತನಸಹಿತ ವಾರ್ಷಿಕ ರಜೆಯನ್ನು ಹಕ್ಕಾಗಿ ಕೊಟ್ಟಿತು. ಹಂತಹಂತವಾಗಿ ಹೆಚ್ಚಿದ ಆ ರಜೆ 2009ರ ಏಪ್ರಿಲ್‌ನಿಂದ ವರ್ಷಕ್ಕೆ 5.6 ವಾರ. ವಾರಕ್ಕೆ ಐದು ದಿನ ದುಡಿಯುವವರಿಗೆ ಇದು 28 ದಿನ; ಸಾರ್ವಜನಿಕ ರಜಾದಿನಗಳನ್ನೂ ಮಾಲೀಕರು ಇದರೊಳಗೇ ಸೇರಿಸಬಹುದು. ವರ್ಷದ 52 ವಾರಗಳಲ್ಲಿ 5.6ನ್ನು ಕಳೆದರೆ ಉಳಿಯುವುದು 46.4. ಈ 46.4ರಿಂದ 5.6ನ್ನು ಭಾಗಿಸಿದರೆ ಬರುವುದೇ ಶೇ 12.07. ಅಂದರೆ ನೂರು ಗಂಟೆ ದುಡಿದವರು ಹನ್ನೆರಡು ಗಂಟೆಗಿಂತ ತುಸು ಹೆಚ್ಚು ರಜೆಯನ್ನು ಗಳಿಸುತ್ತಾರೆ. ಕಾನೂನಿನಲ್ಲಿ ಎಲ್ಲಿಯೂ ಬರೆಯದಿದ್ದ ಈ ಸಂಖ್ಯೆ ಲೆಕ್ಕಾಧಿಕಾರಿಗಳ ಅನುಕೂಲಕ್ಕಾಗಿ ಹುಟ್ಟಿ, ಸಲಹಾ ಸಂಸ್ಥೆಗಳ ಕೈಪಿಡಿ ಸೇರಿ, ಕೊನೆಗೆ ತಾನೇ ಕಾನೂನೆಂಬಂತೆ ಮೆರೆಯತೊಡಗಿತು. ಸರ್ಕಾರಿ ಕಚೇರಿಗಳಲ್ಲಿ ಸೇವೆ ಸಲ್ಲಿಸಿದವರಿಗೆ ಇದು ಹೊಸದಲ್ಲ. ಯಾವುದೋ ಸುತ್ತೋಲೆಯ ಅಡಿಟಿಪ್ಪಣಿಯು ಹತ್ತು ವರ್ಷಗಳಲ್ಲಿ ನಿಯಮವಾಗಿ ಬೆಳೆದು ನಿಲ್ಲುವುದನ್ನು ನಾವೆಲ್ಲ ಕಂಡಿದ್ದೇವೆ.

ಈ ಸಂಖ್ಯೆಯನ್ನು ಪ್ರಶ್ನಿಸಿದವರು ಬೆಡ್‌ಫರ್ಡ್ ಪಟ್ಟಣದ ಬಾಲಕಿಯರ ಶಾಲೆಯೊಂದರಲ್ಲಿ ಸ್ಯಾಕ್ಸೊಫೋನ್ ಮತ್ತು ಕ್ಲಾರಿನೆಟ್ ಕಲಿಸುತ್ತಿದ್ದ ಸಂಗೀತ ಶಿಕ್ಷಕಿ ಬ್ರೆಜೆಲ್. ಶಾಲೆಯನ್ನು ನಡೆಸುತ್ತಿದ್ದುದು ಹಾರ್ಪರ್ ಟ್ರಸ್ಟ್. ಅವರ ನೇಮಕ ಕಾಯಂ. ಆದರೆ ಗಂಟೆಗಳಿಗೆ ಖಾತರಿಯಿಲ್ಲ. ಎಷ್ಟು ವಿದ್ಯಾರ್ಥಿನಿಯರು ಪಾಠಕ್ಕೆ ಬರುತ್ತಾರೋ ಅಷ್ಟು ಗಂಟೆ ಕೆಲಸ, ಅಷ್ಟಕ್ಕೇ ಸಂಬಳ. ಶಾಲಾ ವರ್ಷವು 32ರಿಂದ 35 ವಾರಗಳಷ್ಟಿರುತ್ತಿತ್ತು. ವರ್ಷದ ರಜಾ ವೇತನವನ್ನು ಮೂರು ಪಾಲು ಮಾಡಿ, ಪ್ರತಿ ಅವಧಿಯ ಕೊನೆಗೆ ಒಂದು ಪಾಲು ಕೊಡುವ ಪದ್ಧತಿಯಿತ್ತು. 2011ರ ಸೆಪ್ಟೆಂಬರ್‌ನಿಂದ ಟ್ರಸ್ಟ್ ಲೆಕ್ಕದ ರೀತಿಯನ್ನು ಬದಲಿಸಿ, ಆ ಅವಧಿಯಲ್ಲಿ ಗಳಿಸಿದ ಹಣದ ಶೇ 12.07 ಎಂದು ಕೊಡತೊಡಗಿತು. ಶಿಕ್ಷಕಿಯ ವಾದ ಸರಳವಾಗಿತ್ತು: ಕಾನೂನು ನನಗೆ 5.6 ವಾರಗಳ ರಜೆ ಕೊಟ್ಟಿದೆ. ಒಂದು ವಾರದ ವೇತನವೆಂದರೆ ಸಂಬಳ ಬಂದ ಹಿಂದಿನ ಹನ್ನೆರಡು ವಾರಗಳ ಸರಾಸರಿ ಎಂದೂ ಅದೇ ಹೇಳುತ್ತದೆ. ಇವೆರಡನ್ನೂ ಗುಣಿಸಿ ಕೊಡಿ.

ಗುಣಿಸಿದರೆ ಏನಾಗುತ್ತದೆ? ವರ್ಷಕ್ಕೆ 32 ವಾರ ದುಡಿದವರಿಗೆ 5.6 ವಾರದ ರಜಾ ವೇತನವೆಂದರೆ ಗಳಿಕೆಯ ಶೇ 17.5. ವರ್ಷಪೂರ್ತಿ ದುಡಿಯುವವರಿಗೆ ಶೇ 12.07, ವರ್ಷದ ಒಂದು ಭಾಗ ಮಾತ್ರ ದುಡಿಯುವವರಿಗೆ ಶೇ 17.5! ಇದು ಅನ್ಯಾಯವಲ್ಲವೆ ಎಂದು ಟ್ರಸ್ಟ್ ಕೇಳಿತು. ಪರೀಕ್ಷಾ ಮೇಲ್ವಿಚಾರಣೆಗೆಂದು ಕಾಯಂ ಒಪ್ಪಂದದ ಮೇಲೆ ವರ್ಷಕ್ಕೆ ಐದೇ ವಾರ ಬರುವವರನ್ನು ಊಹಿಸಿಕೊಳ್ಳಿ. ಅವರ ರಜಾ ವೇತನವು ಅವರ ವೇತನವನ್ನೇ ಮೀರುತ್ತದೆ. ಮೊದಲ ಹಂತದ ಉದ್ಯೋಗ ನ್ಯಾಯಮಂಡಳಿಯು ಟ್ರಸ್ಟ್‌ನ ಮಾತನ್ನು ಒಪ್ಪಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಶಿಕ್ಷಕಿಯ ಪರ ನಿಂತಿತು. 2022ರ ಜುಲೈ 20ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಟ್ರಸ್ಟ್‌ನ ಮೇಲ್ಮನವಿಯನ್ನು ವಜಾಗೊಳಿಸಿತು. ಲೇಡಿ ರೋಸ್ ಮತ್ತು ಲೇಡಿ ಆರ್ಡನ್ ಬರೆದ ಆ ತೀರ್ಪಿನ ಧೋರಣೆ ಸ್ಪಷ್ಟವಾಗಿತ್ತು. ಕಾನೂನಿನ ಸೂತ್ರವು ಕೆಲವರಿಗೆ ತುಸು ಹೆಚ್ಚು ಕೊಡುತ್ತದೆ ಎಂಬುದು ನಿಜ. ಆದರೆ ಅಷ್ಟರಿಂದಲೇ ಸೂತ್ರವನ್ನು ತಿದ್ದಿ ಬರೆಯುವ ಅಧಿಕಾರ ನ್ಯಾಯಾಲಯಕ್ಕೆ ಬರುವುದಿಲ್ಲ. ಅಲ್ಪಾವಧಿ ನೌಕರರಿಗೆ ಪೂರ್ಣಾವಧಿಯವರಿಗಿಂತ ಕಡಿಮೆ ಕೊಡಬಾರದೆಂಬ ಕಾನೂನಿದೆಯೇ ಹೊರತು ಹೆಚ್ಚು ಕೊಡಬಾರದೆಂಬ ಕಾನೂನಿಲ್ಲ.

ನ್ಯಾಯಾಲಯ ಬಿಟ್ಟ ಕೆಲಸವನ್ನು ಸರ್ಕಾರ ಕೈಗೆತ್ತಿಕೊಂಡಿತು. 2023ರಲ್ಲಿ ನಿಯಮಾವಳಿಗೆ ತಿದ್ದುಪಡಿಯಾಗಿ, 2024ರ ಏಪ್ರಿಲ್ 1ರಂದು ಅಥವಾ ಆನಂತರ ಆರಂಭವಾಗುವ ರಜಾ ವರ್ಷಗಳಿಗೆ ಶೇ 12.07 ಎಂಬುದು ಮೊದಲ ಬಾರಿಗೆ ಅಧಿಕೃತವಾಗಿ ಕಾನೂನಿನ ಪುಟ ಸೇರಿತು. ವರ್ಷದ ಒಂದು ಭಾಗ ಮಾತ್ರ ದುಡಿಯುವವರು ಇನ್ನು ದುಡಿದ ಗಂಟೆಗೆ ತಕ್ಕಂತೆ ಮಾತ್ರ ರಜೆ ಗಳಿಸುತ್ತಾರೆ. (ಉತ್ತರ ಐರ್ಲೆಂಡಿಗೆ ಈ ತಿದ್ದುಪಡಿ ಅನ್ವಯಿಸುವುದಿಲ್ಲ, ಒಂದೇ ದೊರೆಯ ಆಳ್ವಿಕೆಯಲ್ಲಿ ಎರಡು ಲೆಕ್ಕ.) ಬ್ರೆಜೆಲ್ ಗೆದ್ದರು; ಅವರ ಹಾದಿಯಲ್ಲಿ ಬರಬೇಕಾಗಿದ್ದವರ ಪಾಲಿಗೆ ಆ ಗೆಲುವು ಎರಡು ವರ್ಷವೂ ನಿಲ್ಲಲಿಲ್ಲ.

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ತಿದ್ದುಪಡಿಯನ್ನು ನಾನು ಪೂರ್ತಿಯಾಗಿ ವಿರೋಧಿಸಲಾರೆ. ದುಡಿಮೆಗೆ ತಕ್ಕ ರಜೆ ಎಂಬ ತತ್ವದಲ್ಲಿ ಒಂದು ಸಮತೆಯಿದೆ. ಐದು ವಾರದ ಮೇಲ್ವಿಚಾರಕರಿಗೆ ಐದೂವರೆ ವಾರದ ರಜಾ ವೇತನವನ್ನು ಯಾವ ಹಣಕಾಸು ಅಧಿಕಾರಿಯೂ ಸಮರ್ಥಿಸಿಕೊಳ್ಳಲಾರ. ಆದರೆ ತತ್ವದ ಹೆಸರಿನಲ್ಲಿ ಹಣ ಹೋದದ್ದು ಯಾರ ಜೇಬಿನಿಂದ ಎಂಬುದನ್ನು ಮರೆಯಬಾರದು. ವಾರಕ್ಕೆ 400 ಪೌಂಡ್ ದುಡಿಯುವ, 39 ವಾರಗಳ ನಮ್ಮ ಬೋಧನಾ ಸಹಾಯಕಿಗೆ 5.6 ವಾರದ ಲೆಕ್ಕದಲ್ಲಿ 2,240 ಪೌಂಡ್ ರಜಾ ವೇತನ ಸಿಗುತ್ತಿತ್ತು, ಶೇ 12.07ರ ಲೆಕ್ಕದಲ್ಲಿ ಸಿಗುವುದು 1,883. ವರ್ಷಕ್ಕೆ 357 ಪೌಂಡ್ ನಷ್ಟ.

ಇಷ್ಟೆಲ್ಲ ನ್ಯಾಯಾಲಯದ ಮೆಟ್ಟಿಲು ಹತ್ತಿ ಇಳಿದದ್ದು ಇಂತಹ ಮೊತ್ತಗಳಿಗಾಗಿ. ಆದರೆ ನಡುವೆಯೇ ಕೆಲಸ ಬಿಡುವವರ ಕೈತಪ್ಪಬಹುದಾದ ದೊಡ್ಡ ಹಣ ಇದಲ್ಲ. ಅದು ಇನ್ನೊಂದು ಕಡೆ, ಯಾರ ಗಮನಕ್ಕೂ ಬಾರದ ಕಡೆ, ಅಂದರೆ ಮಾಸಿಕ ಕಂತುಗಳಲ್ಲಿ ಅಡಗಿದೆ.

ಶಾಲೆಯಿರುವ ತಿಂಗಳಲ್ಲಿ ಮಾತ್ರ ಸಂಬಳ ಕೊಟ್ಟರೆ ಆಗಸ್ಟ್‌ನಲ್ಲಿ ಮನೆ ನಡೆಯುವುದು ಹೇಗೆ? ಆದ್ದರಿಂದ ವರ್ಷದ ಒಟ್ಟು ಗಳಿಕೆಯನ್ನು ಹನ್ನೆರಡು ಸಮಪಾಲು ಮಾಡಿ ಪ್ರತಿ ತಿಂಗಳೂ ಒಂದೊಂದು ಕಂತು ಕೊಡುವುದು ಅಲ್ಲಿನ ಶಾಲೆಗಳಲ್ಲಿ ಸಾಮಾನ್ಯ ಪದ್ಧತಿ. ಸದುದ್ದೇಶದ ಏರ್ಪಾಡೇ. ನಮ್ಮ ಸಹಾಯಕಿಯ 39 ವಾರಗಳ ದುಡಿಮೆಗೆ 15,600 ಪೌಂಡ್, ರಜಾ ವೇತನ 1,883, ಒಟ್ಟು 17,483. ತಿಂಗಳ ಕಂತು 1,457. ಇದು ಆ ತಿಂಗಳ ದುಡಿಮೆಯ ಸಂಬಳವಲ್ಲ, ವರ್ಷದ ದುಡಿಮೆಯ ಹನ್ನೆರಡನೇ ಒಂದು ಭಾಗ. ಶಾಲೆ ನಡೆಯುವ ತಿಂಗಳುಗಳಲ್ಲಿ ಅವರು ದುಡಿದದ್ದು ಹೆಚ್ಚು, ಪಡೆದದ್ದು ಕಡಿಮೆ. ಉಳಿದದ್ದು ಶಾಲೆಯ ಬಳಿ ಠೇವಣಿಯಂತೆ ಕೂಡಿಕೊಳ್ಳುತ್ತದೆ, ಬಡ್ಡಿಯಿಲ್ಲದ ಠೇವಣಿ. ಆಗಸ್ಟ್‌ನಲ್ಲಿ ಕೆಲಸವಿಲ್ಲದೆ ಬರುವ ಕಂತು ಈ ಠೇವಣಿಯ ವಾಪಸಾತಿಯೇ ಹೊರತು ಶಾಲೆಯ ಔದಾರ್ಯವಲ್ಲ.

ಈಗ ಡಿಸೆಂಬರ್ 31ಕ್ಕೆ ಮರಳೋಣ. ಶರತ್ಕಾಲದ ಅವಧಿಯಲ್ಲಿ 15 ವಾರ ಕೆಲಸವಾಗಿದೆಯೆಂದರೆ ಗಳಿಕೆ 6,000 ಪೌಂಡ್. ಅದರ ರಜಾ ವೇತನ 724. ಒಟ್ಟು 6,724. ಕೈಗೆ ಬಂದದ್ದು ನಾಲ್ಕು ಕಂತು, 5,828 ಪೌಂಡ್. ಬಾಕಿ 896. ಇದೇ ಮಹಿಳೆ ಮಾರ್ಚ್ 31ರವರೆಗೆ ಇದ್ದು, 26 ವಾರ ದುಡಿದು ಹೊರಟರೆ, ಗಳಿಕೆಯೂ ರಜಾ ವೇತನವೂ ಸೇರಿ 11,655 ಪೌಂಡ್. ಬಂದದ್ದು ಏಳು ಕಂತು, 10,199. ಬಾಕಿ 1,456 ಪೌಂಡ್, ಹೆಚ್ಚುಕಡಿಮೆ ಒಂದಿಡೀ ತಿಂಗಳ ಕಂತು. ಸುಪ್ರೀಂ ಕೋರ್ಟಿನವರೆಗೆ ಹೋದ ವಿವಾದದ ವಾರ್ಷಿಕ ನಷ್ಟಕ್ಕಿಂತ ಇದು ನಾಲ್ಕು ಪಟ್ಟು. ಕಚೇರಿಯವರು ‘ಮಾರ್ಚ್ ಸಂಬಳ ಮಾರ್ಚ್‌ಗೆ ಕೊಟ್ಟಿದ್ದೇವೆ’ ಎಂದು ಕಡತ ಮುಚ್ಚಿದರೆ ಆ ಹಣ ಶಾಲೆಯಲ್ಲೇ ಉಳಿಯುತ್ತದೆ. ಕದ್ದರೆಂದು ಯಾರನ್ನೂ ದೂರಲಾಗದು. ತಂತ್ರಾಂಶವು ನಾಲ್ಕನ್ನು ಹನ್ನೆರಡರಿಂದ ಭಾಗಿಸಿತು, ಅಷ್ಟೆ. ಆದರೆ ಭಾಗಿಸಬೇಕಾಗಿದ್ದುದು 15ನ್ನು 39ರಿಂದ.

ತಿರುಗುಬಾಣವೂ ಉಂಟು. ಶಾಲಾ ವರ್ಷ ಆರಂಭವಾಗುವುದು ಸೆಪ್ಟೆಂಬರ್‌ನಲ್ಲಿ. ಆದರೆ ಸ್ಥಳೀಯ ಸಂಸ್ಥೆಗಳ ಲೆಕ್ಕಪತ್ರದ ವರ್ಷ ಆರಂಭವಾಗುವುದು ಏಪ್ರಿಲ್‌ನಲ್ಲಿ. ಮೂರು ವರ್ಷ ಸೇವೆ ಸಲ್ಲಿಸಿ ಆಗಸ್ಟ್ 31ಕ್ಕೆ ಬಿಡುವವರ ಲೆಕ್ಕವನ್ನು ಕಚೇರಿಯು ಏಪ್ರಿಲ್ 1ರಿಂದ ಎಣಿಸಿತೆನ್ನಿ. ಐದು ಕಂತುಗಳಲ್ಲಿ 7,285 ಪೌಂಡ್ ಹೋಗಿದೆ. ಬೇಸಿಗೆ ಅವಧಿಯ 13 ವಾರಗಳಿಗೆ ರಜಾ ವೇತನ ಸೇರಿ ಸಲ್ಲಬೇಕಾದದ್ದು 5,828. ಆದ್ದರಿಂದ 1,457 ಪೌಂಡ್ ಹೆಚ್ಚಾಗಿ ಸಂದಿದೆ, ಹಿಂದಿರುಗಿಸಿ! ಆಕೆ ಸೇರಿದ್ದು ಸೆಪ್ಟೆಂಬರ್‌ನಲ್ಲಿ, ಮೊದಲ ಏಳು ತಿಂಗಳಲ್ಲಿ ಅಷ್ಟೇ ಮೊತ್ತ ಕಡಿಮೆ ಪಡೆದಿದ್ದರು, ಅದನ್ನು ಯಾರೂ ಸರಿಹೊಂದಿಸಲಿಲ್ಲ ಎಂಬ ಸಂಗತಿ ಹಳೆಯ ವರ್ಷದ ಪುಟಗಳಲ್ಲಿ ಹೂತುಹೋಗಿರುತ್ತದೆ. ಮೂರು ವರ್ಷ ಮೂವತ್ತಾರು ಕಂತು, ಮೂರು ಶಾಲಾ ವರ್ಷಗಳ ದುಡಿಮೆ. ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ಆದರೂ ವರ್ಷ ಯಾವಾಗ ಆರಂಭವಾಯಿತೆಂದು ಕಚೇರಿ ತೀರ್ಮಾನಿಸುತ್ತದೆಯೋ ಅದರ ಮೇಲೆ ಒಬ್ಬಳೇ ನೌಕರಳು ಸಾಲಗಾರಳೂ ಆಗಬಹುದು, ಸಾಲ ಕೊಟ್ಟವಳೂ ಆಗಬಹುದು.

ನಡುವೆ ಬಿಡುವವರ ರಜೆಯ ಬಗ್ಗೆ 1998ರ ನಿಯಮಾವಳಿ ಮೌನವಾಗಿರಲಿಲ್ಲ. ವರ್ಷದ ಒಟ್ಟು ರಜೆಯನ್ನು, ರಜಾ ವರ್ಷದಲ್ಲಿ ಕಳೆದುಹೋದ ಭಾಗದಿಂದ ಗುಣಿಸಿ, ಅದಾಗಲೇ ಬಳಸಿದ ರಜೆಯನ್ನು ಕಳೆದು, ಉಳಿದದ್ದಕ್ಕೆ ಹಣ ಕೊಡಬೇಕೆಂದು ಅದರ 14ನೇ ನಿಯಮ ಹೇಳಿತ್ತು. ಕಳೆದುಹೋದ ಭಾಗವೆಂದರೆ ಕ್ಯಾಲೆಂಡರಿನ ಭಾಗ, ದುಡಿದ ಭಾಗವಲ್ಲ. ಡಿಸೆಂಬರ್ ಕೊನೆಗೆ ಬಿಟ್ಟರೆ ಈ ರೀತಿಯಲ್ಲಿ 1.87 ವಾರ, ದುಡಿಮೆಯ ರೀತಿಯಲ್ಲಿ 1.81 ವಾರ; ಅಂತರ ಅತ್ಯಲ್ಪ. ಜುಲೈ ಕೊನೆಗೆ ಬಿಟ್ಟರೆ 5.13 ಮತ್ತು 4.71; ಅಂತರ ಸುಮಾರು 170 ಪೌಂಡ್. 2024ರಿಂದ ಈಚೆಗೆ ವರ್ಷದ ಭಾಗ ಮಾತ್ರ ದುಡಿಯುವವರ ವಿಷಯದಲ್ಲಿ ಗಳಿಸಿದ ರಜೆಯಿಂದ ಬಳಸಿದ ರಜೆಯನ್ನು ಕಳೆದರೆ ಸಾಕು. ಆದರೆ ಆ ವರ್ಗಕ್ಕೆ ಸೇರಲು ಕೆಲಸವೂ ಇಲ್ಲದ, ಸಂಬಳವೂ ಇಲ್ಲದ ಕನಿಷ್ಠ ಒಂದು ವಾರದ ಅವಧಿಗಳು ವರ್ಷದಲ್ಲಿರಬೇಕು ಎಂಬ ಷರತ್ತಿದೆ. ಹನ್ನೆರಡು ಕಂತು ಪಡೆಯುವವರಿಗೆ ‘ಸಂಬಳವಿಲ್ಲದ ವಾರ’ ಇದೆಯೋ ಇಲ್ಲವೋ ಎಂಬುದು ಒಪ್ಪಂದದಲ್ಲಿ ಏನು ಬರೆದಿದೆ ಎಂಬುದನ್ನು ಅವಲಂಬಿಸಿದೆ. ವಕೀಲರಿಗೆ ಇನ್ನೂ ಕೆಲವು ವರ್ಷ ಕೆಲಸ ತಪ್ಪದು.

ಕಾಯಂ ಶಿಕ್ಷಕರ ವಿಷಯದಲ್ಲಿ ಈ ಗೊಂದಲ ಕಡಿಮೆ. ಹೊದಿಕೆಯ ಬಣ್ಣದಿಂದ ‘ಬರ್ಗಂಡಿ ಬುಕ್’ ಎಂದು ಹೆಸರಾದ ಸಾಮೂಹಿಕ ಒಪ್ಪಂದವು ಅವರ ವರ್ಷವನ್ನು ನಾಲ್ಕು ನಾಲ್ಕು ತಿಂಗಳ ಮೂರು ಭಾಗ ಮಾಡಿದೆ. ಡಿಸೆಂಬರ್ 31ಕ್ಕೆ ಬಿಡಬೇಕಾದರೆ ಅಕ್ಟೋಬರ್ 31ರೊಳಗೆ ರಾಜೀನಾಮೆ. ಏಪ್ರಿಲ್ 30ಕ್ಕಾದರೆ ಫೆಬ್ರುವರಿ ಕೊನೆಯೊಳಗೆ. ಆಗಸ್ಟ್ 31ಕ್ಕಾದರೆ ಮೇ 31ರೊಳಗೆ. ಲೆಕ್ಕ ಒರಟಾದರೂ ಎಲ್ಲರಿಗೂ ಮುಂಚೆಯೇ ಗೊತ್ತು. ಇನ್ನು ಒಂದು ದಿನದ ಸಂಬಳವೆಂದರೆ ಎಷ್ಟು? ಅದಕ್ಕೂ ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2011ರ ನವೆಂಬರ್ 30ರಂದು ಮುಷ್ಕರ ಹೂಡಿದ ಶಿಕ್ಷಕರ ಸಂಬಳದಲ್ಲಿ ಒಂದು ಕಾಲೇಜು 260ನೇ ಒಂದು ಭಾಗವನ್ನು ಕಡಿತ ಮಾಡಿತು. ಶಿಕ್ಷಕರು ಸಂಜೆ, ವಾರಾಂತ್ಯ, ರಜಾದಿನಗಳಲ್ಲೂ ದುಡಿಯುತ್ತಾರೆ. ಸಂಬಳ ದಿನದಿಂದ ದಿನಕ್ಕೆ ಸಮನಾಗಿ ಕೂಡುತ್ತದೆ. ಆದ್ದರಿಂದ 365ನೇ ಒಂದು ಭಾಗವನ್ನಷ್ಟೇ ಕಡಿಯಬಹುದೆಂದು 2017ರಲ್ಲಿ ತೀರ್ಪಾಯಿತು. ಆಧಾರವಾಗಿದ್ದುದು 1870ರ ಒಂದು ಕಾಯ್ದೆ! ಮುಷ್ಕರ ಹೂಡಿದವರಿಗೆ 365 ಎಂಬ ಛೇದ ವರವಾಯಿತು. ಅದೇ ಛೇದ, ಡಿಸೆಂಬರ್‌ನಲ್ಲಿ ಕೆಲಸ ಬಿಡುವ ಟರ್ಮ್-ಟೈಮ್ ನೌಕರರಿಗೆ ಅನ್ವಯಿಸಿದರೆ ಶಾಪ. ಯಾವ ಛೇದವೂ ಸ್ವಭಾವತಃ ಕಾರ್ಮಿಕರ ಪರವೂ ಅಲ್ಲ, ಮಾಲೀಕರ ಪರವೂ ಅಲ್ಲ. ಪ್ರಶ್ನೆ ಹುಟ್ಟಿದ ಮೇಲೆ ಅದನ್ನು ಆರಿಸುವ ಅಧಿಕಾರ ಒಬ್ಬರ ಕೈಯಲ್ಲೇ ಇರುವುದು ಸಮಸ್ಯೆ.

ಹಾಗಾಗಿ ನನ್ನ ದೃಷ್ಟಿಯಲ್ಲಿ ಶೇ 12.07ಕ್ಕಿಂತ ಮುಖ್ಯವಾದದ್ದು ನೇಮಕದ ದಿನವೇ ಬರೆದುಕೊಟ್ಟಿರಬೇಕಾದ ಒಂದು ವಾಕ್ಯ: ಬಿಡುವ ದಿನದವರೆಗೆ ದುಡಿದ ವಾರಗಳ ವೇತನ ಮತ್ತು ಅದರ ಮೇಲಿನ ರಜಾ ವೇತನ, ಇವುಗಳ ಮೊತ್ತದಿಂದ ಸೇವೆಗೆ ಸೇರಿದಂದಿನಿಂದ ಪಡೆದ ಕಂತುಗಳನ್ನು ಕಳೆದು ಉಳಿದದ್ದನ್ನು ಕೊಡತಕ್ಕದ್ದು. ‘ಸೇವೆಗೆ ಸೇರಿದಂದಿನಿಂದ’ ಎಂಬ ಪದ ಅಲ್ಲಿರಲೇಬೇಕು. ಇಲ್ಲದಿದ್ದರೆ ಏಪ್ರಿಲ್‌ನ ಬಲೆ ಕಾದಿರುತ್ತದೆ. ಬಳಸಿದ ರಜೆ ಗಳಿಸಿದ್ದಕ್ಕಿಂತ ಹೆಚ್ಚಾಗಿದ್ದರೂ, ಹಿಂದಿರುಗಿಸಬೇಕೆಂಬ ಒಪ್ಪಂದ ಮೊದಲೇ ಇದ್ದರೆ ಮಾತ್ರ ಮಾಲೀಕರು ಆ ಹಣ ಕೇಳಬಹುದೆಂದು ಬ್ರಿಟನ್ನಿನ ನಿಯಮಾವಳಿ ಹೇಳುತ್ತದೆ. ಅದು ಸರಿಯಾದ ಶಿಸ್ತು.

ಇಷ್ಟು ಹೊತ್ತು ಬ್ರಿಟನ್ನಿನ ಮಾತಾಡಿದ್ದಕ್ಕೆ ಕಾರಣವಿದೆ. ಶಾಲೆಯ ರಜೆ ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ನಮ್ಮ ಸುಪ್ರೀಂ ಕೋರ್ಟ್ 1985ರಲ್ಲೇ ಎದುರಿಸಿತ್ತು. ಹರಿಯಾಣ ಸರ್ಕಾರವು ಶೈಕ್ಷಣಿಕ ವರ್ಷದ ಆರಂಭದಲ್ಲಿ ಶಿಕ್ಷಕರನ್ನು ತಾತ್ಕಾಲಿಕವಾಗಿ ನೇಮಿಸುವುದು, ಬೇಸಿಗೆ ರಜೆ ಬರುವ ಮುನ್ನ ಅವರನ್ನು ಕೈಬಿಡುವುದು, ಶಾಲೆ ತೆರೆದಾಗ ಮತ್ತೆ ನೇಮಿಸುವುದು, ಹೀಗೆ ವರ್ಷಗಟ್ಟಲೆ ನಡೆಸಿತ್ತು. ರತನ್ ಲಾಲ್ ಮೊಕದ್ದಮೆಯಲ್ಲಿ ಇದನ್ನು ಕಟುವಾಗಿ ಟೀಕಿಸಿ, ಆ ಶಿಕ್ಷಕರಿಗೆ ಬೇಸಿಗೆ ರಜೆಯ ಸಂಬಳ ಭತ್ಯೆಗಳನ್ನೂ ಕೊಡಬೇಕೆಂದು ಆದೇಶಿಸಿದವರು ನಮ್ಮ ಮಂಡ್ಯ ಜಿಲ್ಲೆಯ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ. ಮುಂದೆ 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದವರು ಅವರು. ಸೇವೆಯ ನಡುವಿನ ಈ ಕಡಿತ ಕೃತಕವಾದದ್ದು, ಸಂಬಳ ಉಳಿಸುವುದಕ್ಕಾಗಿ ಕಲ್ಪಿಸಿದ್ದು ಎಂಬುದನ್ನು ಅವರು ಗುರುತಿಸಿದ್ದರು. ವಿಪರ್ಯಾಸವೆಂದರೆ, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ‘ಕಾರ್ಮಿಕ’ರಲ್ಲವೆಂಬ 1988ರ ಸುಂದರಾಂಬಾಳ್ ತೀರ್ಪೂ ಅವರದೇ. ಬೋಧನೆ ಉದಾತ್ತ ವೃತ್ತಿ. ಅದನ್ನು ಗುಮಾಸ್ತಗಿರಿಯೊಡನೆ ಹೋಲಿಸಲಾಗದು ಎಂಬುದು ಅದರ ತಾತ್ಪರ್ಯ. ಗೌರವವೇನೋ ಉಳಿಯಿತು. ಆದರೆ ಆ ಕಾಯ್ದೆ ಕಾರ್ಮಿಕರಿಗೆ ಕೊಡುತ್ತಿದ್ದ ರಕ್ಷಣೆ ಶಿಕ್ಷಕರಿಗೆ ಸಿಗಲಿಲ್ಲ.

ಕಾರ್ಮಿಕನೆನಿಸಿಕೊಂಡವನಿಗೆ ನಮ್ಮಲ್ಲೂ ಲೆಕ್ಕ ಸ್ಪಷ್ಟವಾಗಿದೆ. 1948ರ ಕಾರ್ಖಾನೆ ಕಾಯ್ದೆಯು ದುಡಿದ ಇಪ್ಪತ್ತು ದಿನಕ್ಕೊಂದು ದಿನದ ರಜೆಯನ್ನೂ, ನಡುವೆ ಬಿಟ್ಟರೆ ಅದರ ಬದಲಿಗೆ ಹಣವನ್ನೂ ಕೊಟ್ಟಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಅದೇ ಪ್ರಮಾಣ ಮುಂದುವರಿದಿದೆ. ಕಾಯಂ ಸರ್ಕಾರಿ ನೌಕರನ ಲೆಕ್ಕವಂತೂ ಇನ್ನೂ ಭದ್ರ: ವರ್ಷಕ್ಕೆ 30 ದಿನ ಗಳಿಕೆ ರಜೆ, ನಿವೃತ್ತಿಯಲ್ಲಿ 300 ದಿನಗಳವರೆಗೆ ನಗದೀಕರಣ. ಬೇಸಿಗೆ ರಜೆಯ ಸೌಲಭ್ಯವಿರುವ ಶಿಕ್ಷಕರಿಗೆ ಗಳಿಕೆ ರಜೆ ಕಡಿಮೆ, ಆದರೆ ಮೇ ತಿಂಗಳ ಸಂಬಳ ನಿಲ್ಲುವುದಿಲ್ಲ. ನಾನೂ ಆ 300 ದಿನಗಳ ಫಲಾನುಭವಿಯೇ.

ಇವೆರಡರ ನಡುವೆ ಸಿಕ್ಕಿಬಿದ್ದವರು ಅತಿಥಿ ಶಿಕ್ಷಕರು ಮತ್ತು ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೇ ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. 2022ರ ಜನವರಿಯಲ್ಲಿ ಸರ್ಕಾರ ಅವರ ಗೌರವಧನವನ್ನು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ ತಿಂಗಳಿಗೆ 26,000ದಿಂದ 32,000 ರೂಪಾಯಿಗಳಿಗೆ ಏರಿಸಿದ್ದು ದೊಡ್ಡ ಹೆಜ್ಜೆ. ಅದಕ್ಕೆ ಮೊದಲು ಅವರು ಪಡೆಯುತ್ತಿದ್ದುದು 11,000 ಅಥವಾ 13,000. ಆದರೂ 2023ರ ಕೊನೆಯಲ್ಲಿ ಸೇವಾ ಭದ್ರತೆಗಾಗಿ ಅವರು ಬೀದಿಗಿಳಿಯಬೇಕಾಯಿತು. ತರಗತಿಗಳು ಮುಗಿದೊಡನೆ ಗೌರವಧನವೂ ನಿಲ್ಲುತ್ತದೆ, ವರ್ಷದ ಹನ್ನೆರಡು ತಿಂಗಳೂ ಕೊಡಿ ಎಂಬುದು ಅವರ ಬಹುಕಾಲದ ಬೇಡಿಕೆ. ಕಾಯಂ ಉಪನ್ಯಾಸಕರು ವರ್ಗವಾಗಿ ಬಂದರೆ ಅತಿಥಿಗಳು ಸೆಮಿಸ್ಟರಿನ ನಡುವೆಯೇ ಜಾಗ ಬಿಡಬೇಕು. ಬಿಡುವಾಗ ಗಳಿಸಿದ ರಜೆಗೆ ಹಣವೆಷ್ಟು ಎಂಬ ಪ್ರಶ್ನೆಯೇ ಏಳುವುದಿಲ್ಲ. ‘ಗೌರವಧನ’ ಎಂಬ ಪದದ ಮಹಿಮೆ ಅದು. ವೇತನವೆಂದಿದ್ದರೆ ಅದರ ಬೆನ್ನಿಗೆ ರಜೆ, ಭವಿಷ್ಯ ನಿಧಿ, ಗ್ರಾಚುಟಿ ಎಲ್ಲವೂ ಬರುತ್ತಿದ್ದವು. ಗೌರವಕ್ಕೆ ಹಿಂಬಾಲಕರಿಲ್ಲ. ಇಂಗ್ಲೆಂಡಿನ ಸಹಾಯಕಿ ಛೇದ 39ರದೋ 52ರದೋ ಎಂದು ಜಗಳವಾಡುತ್ತಾಳೆ. ನಮ್ಮ ಉಪನ್ಯಾಸಕರ ಲೆಕ್ಕದಲ್ಲಿ ಛೇದವೂ ಇಲ್ಲ, ಅಂಶವೂ ಇಲ್ಲ.

ಕಾಯಂಗೊಳಿಸುವ ಪ್ರಶ್ನೆ ಬೇರೆ. ಅದಕ್ಕೆ ನೇಮಕಾತಿ ನಿಯಮ, ಮೀಸಲಾತಿ, ನ್ಯಾಯಾಲಯದ ತೀರ್ಪುಗಳ ತೊಡಕುಗಳಿವೆ. ರಜೆಯ ಲೆಕ್ಕಕ್ಕೆ ಅಂತಹ ತೊಡಕಿಲ್ಲ. ಕಾರ್ಖಾನೆಯ ಕಾರ್ಮಿಕನಿಗೆ ಇರುವಂತೆ ಇಪ್ಪತ್ತು ದಿನಕ್ಕೊಂದು ದಿನವೆಂದು ಹಿಡಿಯೋಣ. ಒಂದು ಸೆಮಿಸ್ಟರಿನಲ್ಲಿ ನೂರು ದಿನ ಕೆಲಸ ಮಾಡಿದವರು ಐದು ದಿನದ ರಜೆ ಗಳಿಸುತ್ತಾರೆ. 2022ರ ದರದಲ್ಲಿ 28,000 ರೂಪಾಯಿ ಪಡೆಯುವವರಿಗೆ, ತಿಂಗಳಿಗೆ 30 ದಿನವೆಂದರೆ 4,667 ರೂಪಾಯಿ. ಗ್ರಾಚುಟಿಯ ಲೆಕ್ಕದಲ್ಲಿರುವಂತೆ ತಿಂಗಳಿಗೆ 26 ದಿನವೆಂದರೆ 5,385. ಹತ್ತು ಸಾವಿರ ಮಂದಿಗೆ ಒಂದು ಸೆಮಿಸ್ಟರಿಗೆ ಹೆಚ್ಚೆಂದರೆ ಐದೂವರೆ ಕೋಟಿಯ ಆಸುಪಾಸು. ಮುಂದಿನ ನೇಮಕಾತಿ ಆದೇಶದಲ್ಲಿ ಇದಕ್ಕೊಂದು ಕಂಡಿಕೆ ಸೇರಿಸಬೇಕೆಂಬ ಪ್ರಸ್ತಾವವನ್ನು ಕಾಲೇಜು ಶಿಕ್ಷಣ ಇಲಾಖೆ ಕಳುಹಿಸಲಿ. ಆರ್ಥಿಕ ಇಲಾಖೆಗೆ ಈ ಮೊತ್ತ ಭರಿಸಲಾಗದೆಂದು ತೋರಿದರೆ, ಕಡತದ ಮೇಲೆ ಹಾಗೆಂದೇ ಬರೆದು ಸಹಿ ಹಾಕಲಿ.